ಕೂಸಪ್ಪನ ಕುದುರೆಗೆ ಕಟ್ಟಿದ ಉಂಡೆ

24 ಡಿಸೆಂಬರ್ 1976, ಶುಕ್ರವಾರ. ಕುಕ್ಕುಂದೂರು.

ಮನೆ ಮುಂದಿನ ರಸ್ತೆಯಲ್ಲಿ ನೆರೆಮನೆಯ ಕೂಸಪ್ಪ ಇನ್ನೂ ಕುದುರೆಯನ್ನು ನಡೆಸುತ್ತಿದ್ದಾನೆ. ಲಾಳದ ಸದ್ದು ಕೇಳುವಷ್ಟು ಹೊತ್ತು ಅದು ಬಿದ್ದಿಲ್ಲವೆಂದೇ ಅರ್ಥ.

ಪ್ರತಿ ಕ್ರಿಸ್‌ಮಸ್‌ಗೆ ಅವನ ಮನೆಗೆ ಕುಸ್ವಾರ್ ತಿಂಡಿಗಳ ತಟ್ಟೆ, ಅವನ ಜಟಕಾ ಎಳೆಯುವ ಕುದುರೆಗೆ ಹುರುಳಿ ಉಂಡೆ. ಹುರುಳಿಯನ್ನು ನೆನೆಸಿ ಬೇಯಿಸಬೇಕೆಂದು ನನಗೆ ಗೊತ್ತಿಲ್ಲವೇ? ನಿನ್ನೆ ಕುಸ್ವಾರಿಗೆ ನೆವ್ರಿ, ಅಂದರೆ ಕರ್ಜಿಕಾಯಿ, ಕರಿಯುವ ಗಡಿಬಿಡಿಯಲ್ಲಿ ನೆನೆಸಲು ಮರೆತೆ. ಇವತ್ತು ಎಳ್ಳುಂಡೆಯ ಹಾಗೆ ಬರೀ ಹುರಿದು, ಬೆಲ್ಲದ ಪಾಕದಲ್ಲಿ ಕಟ್ಟಿಬಿಟ್ಟೆ. ಅಷ್ಟನ್ನೂ ತಿಂದು ಅದು ನನ್ನ ಅಂಗೈಯನ್ನೂ ನೆಕ್ಕಿತು.

ಸಂಜೆಗೆ ಹೊಟ್ಟೆ ಉಬ್ಬಿ ನೆಲದಲ್ಲಿ ಹೊರಳಿತು. ಮಲಗಲು ಬಿಟ್ಟರೆ ಉಳಿಯದೆಂದು ಕೂಸಪ್ಪ ಅದನ್ನು ಎಬ್ಬಿಸಿ ನಡೆಸತೊಡಗಿದ.

"ಬಾಯಮ್ಮ, ಹುರುಳಿ ಬೇಯಿಸಿದ್ದು ಅಲ್ವಾ?" ಎಂದು ಕೂಸಪ್ಪ ಕೇಳಿದ.

"ಹೌದು ಮಾರಾಯ," ಎಂದೆ.

"ಹಾಗಾದ್ರೆ ನಾನು ಹಾಕಿದ ಹುಲ್ಲಿನಲ್ಲೇ ಎಂತದೋ ಉಂಟು," ಎಂದು ಅವನು ಹಣೆ ಚಚ್ಚಿಕೊಂಡ.

ಬೆಳಿಗ್ಗೆಯಷ್ಟೇ ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿ ಬಂದವಳು ನಾನು. ಒಂದು ದಿನವಾದರೂ ಬಾಯಿ ಶುದ್ಧವಾಗಿ ಉಳಿಯಲಿಲ್ಲ. ಈಗ ರಾತ್ರಿಯ ಪೂಜೆಗೆ ಗಂಟೆ ಹೊಡೆಯುತ್ತಿದೆ. ಇದೇ ನಾಲಗೆಯ ಮೇಲೆ ಪರಮಪ್ರಸಾದ ಹೇಗೆ ತೆಗೆದುಕೊಳ್ಳಲಿ?

ಮೊದಲು ಕೂಸಪ್ಪನಿಗೆ ಹೇಳುತ್ತೇನೆ. ಬೈದರೆ ಬೈಯಲಿ. ಚಪ್ಪಲಿ ಮೆಟ್ಟಿಕೊಂಡು—

ಲಾಳದ ಸದ್ದು ನಿಂತಿತು.