ನಾನು ಕಟ್ಟಿದ ಮೂರು ಹಲ್ಲು

ಮಾರ್ಚ್ 3, ಸಂಜೆ
ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಬೆಳಗ್ಗೆಯಿಂದ ಹಲ್ಲಿನ ಪ್ಲೇಟು ಒಂಬತ್ತು. ಉಜ್ಜಿ ಉಜ್ಜಿ ಬೆರಳ ತುದಿ ಉರಿ. ಅರ್ಧ ದಿನ ರಜೆ ಹಾಕಿ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆಯ ಆಪರೇಷನ್ ಮೂರನೇ ಸಲ ಮುಂದಕ್ಕೆ. ಶುಗರ್ ಇನ್ನೂರ ಎಂಬತ್ತು. ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಅಂದರು. ಎರಡು ನಿಮಿಷ. ಅಷ್ಟೇ.

ಮೂವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳು. ಈಗ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ. ಮಾತ್ರೆ ಮೂರು ಬಗೆ. ಎರಡು ಹೊತ್ತು ಇನ್ಸುಲಿನ್, ನಾನೇ ಚುಚ್ಚುತ್ತೇನೆ. ಆದರೂ ಇಳಿಯುವುದಿಲ್ಲ ಅಂದರೆ ಏನರ್ಥ? ಕದ್ದು ತಿನ್ನುತ್ತಿದ್ದಾಳೆ.

ಮಾರ್ಚ್ 4, ಬೆಳಗ್ಗೆ 6
ಸಕ್ಕರೆ ಡಬ್ಬಿ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿ. ಅಕ್ಕ ನೋಡಿದಳು. ನನ್ನ ಊಟದ ಡಬ್ಬಿ ತುಂಬಿಸಿ ಕೊಟ್ಟಳು. ಅವಳ ಈ ತಾಳ್ಮೆಗೇ ನನಗೆ ಮೈಯೆಲ್ಲ ಉರಿಯುವುದು.

ಮಾರ್ಚ್ 19
ಶುಗರ್ ಡಾಕ್ಟರ ಬಳಿ. ಮುಖ ನೋಡಲಿಲ್ಲ, ರಿಪೋರ್ಟ್ ನೋಡಿದರು. ಇನ್ಸುಲಿನ್ ನಾಲ್ಕು ಯೂನಿಟ್ ಜಾಸ್ತಿ. ಬಾಯಿ ಕಟ್ಟಬೇಕಮ್ಮ ಅಂದರು ಅಕ್ಕನಿಗೆ, ಶಾಲೆ ಮಕ್ಕಳಿಗೆ ಹೇಳುವ ಹಾಗೆ. ನಾನೂ ಅವರ ಜೊತೆ ಸೇರಿಕೊಂಡೆ. ದಾರಿಯುದ್ದಕ್ಕೂ ಬೈದೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು.

ಮಾರ್ಚ್ 27, ಸಂಜೆ 7
ಸಿಕ್ಕಿಬಿದ್ದಳು ಅಂದುಕೊಂಡೆ. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಕೆಳಗೆ, ಪುಟ್ಟ ಡಬ್ಬಿ. ತೆರೆದರೆ ಲವಂಗ. ಬರೀ ಲವಂಗ. ಸಿಹಿ ತಿಂದ ವಾಸನೆ ಮುಚ್ಚೋಕಾ ಇದು ಅಂತ ಅವಳ ಮುಂದೆ ಕುಕ್ಕಿದೆ. ನೆಲದ ತುಂಬ ಚೆಲ್ಲಿತು.

ಅಕ್ಕ ಕೂತು ಒಂದೊಂದೇ ಆಯತೊಡಗಿದಳು. ಕಣ್ಣು ಕಾಣದು, ಕೈಯಾಡಿಸಿ ಹುಡುಕುತ್ತಿದ್ದಳು. ಹುಡುಕುತ್ತಲೇ ಅಂದಳು —
“ಹಲ್ಲು ನೋಯುತ್ತೆ ಪುಟ್ಟಿ. ನೀನು ಕಟ್ಟಿದ್ದೀಯಲ್ಲ, ಅದರ ಕೆಳಗೆ.”
“ಯಾವಾಗಿಂದ?”
“ಹೋದ ವರ್ಷದಿಂದ. ನೀನು ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದ್ದು... ಹೆಂಗೆ ಹೇಳ್ಲಿ?”

ಇದನ್ನು ಬರೆಯಲೇಬೇಕು. ಎರಡು ವರ್ಷದ ಹಿಂದೆ ಅಕ್ಕನ ಬಲಗಡೆ ಮೂರು ಹಲ್ಲಿನ ಜಾಗ ಖಾಲಿ. ಎರಡು ಉದುರಿದ್ದವು, ಒಂದು ಮುರಿದು ಬೇರು ಒಳಗೇ ಉಳಿದಿತ್ತು. ಕೀಳಿಸಲು ಹೆದರಿ ಅತ್ತಳು. ನಮ್ಮ ಲ್ಯಾಬಿನಲ್ಲಿ ಒಂದೇ ನಿಯಮ: ಬಾಯಿಗೆ ಕೈ ಹಾಕುವವರು ಡಾಕ್ಟರು, ಅವರು ಕಳಿಸಿದ ಅಚ್ಚು ಮಾತ್ರ ನಮ್ಮದು. ನಾನು ಅಡುಗೆಮನೆಯಲ್ಲಿ ಕೂರಿಸಿ ಅವಳ ಬಾಯಿಯ ಅಚ್ಚು ತೆಗೆದೆ. ಬೇರಿನ ಮೇಲೇ ಪ್ಲೇಟ್ ಕೂರಿಸಿ ಪಕ್ಕದ ಹಲ್ಲುಗಳಿಗೆ ತಂತಿ ಸಿಕ್ಕಿಸಿದೆ. ಹದಿನೆಂಟು ವರ್ಷದ ಅನುಭವ, ನನಗ್ಯಾಕೆ ಡಾಕ್ಟರು ಅನ್ನುವ ಜಂಬ. ಮಲಗುವಾಗಲೂ ತೆಗೀಬೇಡ, ತಂತಿ ಸಡಿಲ ಆಗುತ್ತೆ ಅಂದೆ. ಅವಳು ತೆಗೆಯಲಿಲ್ಲ.

ಮಾರ್ಚ್ 28, ಮಧ್ಯಾಹ್ನ
ಹಲ್ಲಿನ ಡಾಕ್ಟರು — ನಮ್ಮ ಲ್ಯಾಬಿಗೆ ಕೆಲಸ ಕೊಡುವವರೇ — ಪ್ಲೇಟ್ ತೆಗೆದು ವಸಡು ಒತ್ತಿದರು. ಕೀವು. ವಾಸನೆ. ಅಕ್ಕಪಕ್ಕದ ಹಲ್ಲುಗಳ ಸುತ್ತಲೂ ವಸಡು ಬಿಟ್ಟುಕೊಂಡಿದೆ.
“ಇಲ್ಲಿ ಕೀವು ಇರೋ ತನಕ ಶುಗರ್ ಇಳಿಯೋದು ಕಷ್ಟ. ಶುಗರ್ ಇಳೀದೆ ವಸಡೂ ಮಾಯಲ್ಲ. ಬಾಯೇನು ಮೈಯಿಂದ ಹೊರಗಿದೆಯಾ? ಯಾರು ಮಾಡಿದ್ದು ಈ ಪ್ಲೇಟು?”

ನನಗಿಂತ ಮೊದಲು ಅಕ್ಕ ಉತ್ತರ ಕೊಟ್ಟಳು. ಯಾರೋ ಬೇರೆ ಊರಿನವರು, ನೆನಪಿಲ್ಲ ಅಂದಳು. ಡಾಕ್ಟರು ತಂತಿಯ ಬಾಗು ನೋಡಿದರು. ನನ್ನನ್ನು ನೋಡಿದರು. ನನ್ನ ಕೈಕೆಲಸ ಅವರಿಗೆ ಗೊತ್ತು. ಮಾಡಿದ್ದು ನಾನೇ, ಡಾಕ್ಟರೇ, ಅಂದೆ. ಅವರು ಬೈಯದೆ ಎಕ್ಸ್‌ರೇಗೆ ಬರೆದುಕೊಟ್ಟರು.

ಅದೇ ದಿನ, ಸಂಜೆ
ಸಿಟ್ಟು ತಡೆಯಲಾಗುತ್ತಿಲ್ಲ. ಕಣ್ಣಿನ ಡಾಕ್ಟರು ಕಣ್ಣು ನೋಡಿದರು. ಶುಗರ್ ಡಾಕ್ಟರು ಕಾಗದ ನೋಡಿದರು. ಇಷ್ಟು ದಿನದಲ್ಲಿ ಬಾಯಿ ತೆಗೀರಿ ಅಂತ ಒಬ್ಬರೂ ಅನ್ನಲಿಲ್ಲ. ಅವರನ್ನೆಲ್ಲ ಬೈದು ಮುಗಿಸಿದ ಮೇಲೆ ಉಳಿದವಳು ನಾನು. ಬೆಳಗಾದರೆ ಹಲ್ಲು ಹಿಡಿದು ಕೂರುವವಳು. ಬೀಗ ಹಾಕಿದವಳು.

ಸಕ್ಕರೆ ಡಬ್ಬಿ ಹೊರಗಿಟ್ಟೆ. ಅಕ್ಕ ಮುಟ್ಟಲಿಲ್ಲ. ಮೊದಲೂ ಮುಟ್ಟಿರಲಿಲ್ಲ.

ಏಪ್ರಿಲ್ 9
ಬೇರು ಕಿತ್ತರು. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಉಗುರು ಊರುವಷ್ಟು. ಊರಲಿ. ವಸಡು ಸ್ವಚ್ಛ ಮಾಡಲು ಇನ್ನೂ ಮೂರು ಸಲ ಹೋಗಬೇಕು.

ಜುಲೈ 14
ನೂರ ಐವತ್ತೆರಡು!
ನೋಡಿದ್ರಾ, ಬಾಯಿ ಕಟ್ಟಿದ್ದಕ್ಕೆ ಇಳೀತು ಅಂದರು ಶುಗರ್ ಡಾಕ್ಟರು. ಅಲ್ಲ, ವಸಡಿನ ಕೀವು ತೆಗೆಸಿದ್ದಕ್ಕೆ ಅಂದೆ. ನೀವು ಒಂದು ಸಲ ಬಾಯೊಳಗೆ ನೋಡಿದ್ರೆ ವರ್ಷದ ಹಿಂದೇ ಇಳೀತಿತ್ತು ಅಂದೆ. ದನಿ ಜೋರಾಯಿತು, ಹೊರಗೆ ಕೂತಿದ್ದವರೆಲ್ಲ ಇಣುಕಿದರು. ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಆಗಸ್ಟ್ 2, ಸಂಜೆ
ಕಣ್ಣಿನ ಆಪರೇಷನ್ ಆಗಿ ಹನ್ನೆರಡು ದಿನ. ಇವತ್ತು ಬೆಳಗ್ಗೆ ಅಕ್ಕ ಮೊದಲ ಸಲಕ್ಕೇ ದಾರ ಪೋಣಿಸಿದಳು. ಆಮೇಲೆ ಆ ಹಳೇ ಪ್ಲೇಟ್ ಎಲ್ಲಿ ಅಂತ ಕೇಳಿದಳು. ಎಸೆದಿರಲಿಲ್ಲ. ಕೊಟ್ಟೆ. ಕಿಟಕಿಯ ಬಳಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹಾಕಿಸಿಕೊಂಡಾಗಲೇ ಅವಳ ಕಣ್ಣು ಮಂಜು. ಇದನ್ನು ಸರಿಯಾಗಿ ನೋಡಿದ್ದು ಇವತ್ತೇ.
“ಎಷ್ಟು ನೀಟಾಗಿ ಮಾಡಿದ್ದೀಯ ಪುಟ್ಟಿ. ನಿಜವಾದ ಹಲ್ಲೇ ಅನ್ಸುತ್ತೆ.”

ಒಂದು ಸಲ ಬೈಯೇ ಅಂದೆ. ಕಿರುಚಿದೆ. ನಾನು ಬಸ್ಸಿನಲ್ಲಿ ಬೈದಷ್ಟಾದರೂ ಬೈ. ಅವಳು ನಕ್ಕಳು. ಬಲಗಡೆ ಖಾಲಿ. ವಸಡು ಮಾಗಿದೆ, ಇನ್ನು ಹಲ್ಲು ಕಟ್ಟಿಸಬಹುದು ಅಂದಿದ್ದಾರೆ ಡಾಕ್ಟರು. ನೀನೇ ಕಟ್ಟಬೇಕು ಅನ್ನುತ್ತಾಳೆ. ಬೇರೆಯವರ ಕೈಯದು ಬೇಡವಂತೆ.

ನಿನ್ನೆ ಡಾಕ್ಟರೇ ತೆಗೆದ ಅಚ್ಚು ಮಧ್ಯಾಹ್ನ ಲ್ಯಾಬಿಗೆ ಬಂತು. ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ. ಅಕ್ಕನ ಹೆಸರಿನ ಚೀಟಿ. ಸಂಜೆಯವರೆಗೂ ಅದನ್ನೇ ನೋಡುತ್ತ ಕೂತಿದ್ದೆ. ಮುಟ್ಟಲು ಕೈ ಬರಲಿಲ್ಲ. ನಾಳೆ ಬೆಳಗ್ಗೆ ಮೊದಲ ಕೆಲಸ ಅದೇ.