ಕುರಿಗೂ ಪೇಸ್ಟ್ ಕಳಿಸುತ್ತೇನೆಂದು ನಕ್ಕ ಸಾಹೇಬರಿಗೆ

ಹಿರಿಯೂರು ತಾಲ್ಲೂಕು, ಜುಲೈ ೧೯೭೮

ಹಲ್ಲು ರಕ್ಷಣಾ ಆಂದೋಲನದ ಮಾನ್ಯ ಅಧಿಕಾರಿಗಳೇ,

ನಿಮ್ಮ ಪೇಸ್ಟನ್ನು ವಾಪಸು ಕಳಿಸುತ್ತಿದ್ದೇನೆ. ಹೋದ ವರ್ಷ ನಮ್ಮ ಹಟ್ಟಿಯ ಶಾಲೆಗೆ ನೀವು ಜೀಪಿನಲ್ಲಿ ತಂದಿಳಿಸಿದ ಟ್ಯೂಬುಗಳಲ್ಲಿ ಉಳಿದದ್ದು ಇಷ್ಟೇ. ಮಿಕ್ಕಿದ್ದು ಮಕ್ಕಳ ಹೊಟ್ಟೆ ಸೇರಿದೆ. ಸಿಹಿಯಾಗಿದೆಯೆಂದು ನುಂಗಿದವು. ನುಂಗಬಾರದೆಂದು ನೀವು ಹೇಳಲಿಲ್ಲ, ಮೇಷ್ಟ್ರಾದ ನನಗೂ ತಿಳಿದಿರಲಿಲ್ಲ.

ಆ ದಿನ ನಿಮಗೆ ನೆನಪಿದೆಯೇ? ಮೂವತ್ತೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿದಿರಿ. ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಮಚ್ಚೆ, ಸವೆದ ಅಂಚು. 'ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕುವ ಕೊಳಕು ಜನ! ಹಲ್ಲಿನ ಕವಚ ಉಳಿಯುವುದು ಹೇಗೆ?' ಎಂದಿರಿ. ಟ್ಯೂಬನ್ನು ಎತ್ತಿ ಹಿಡಿದು, ಇದರಲ್ಲಿರುವ ಫ್ಲೋರೈಡ್ ಆ ಕವಚವನ್ನು ಗಟ್ಟಿ ಮಾಡುತ್ತದೆಂದು ಭಾಷಣ ಬಿಗಿದಿರಿ. ಮೂರನೆಯ ತರಗತಿಯ ಈರಕ್ಕನ ಗಲ್ಲ ಹಿಡಿದೆತ್ತಿ, ಕೊಳಕು ಬಾಯಿ ಎಂದರೆ ಹೀಗಿರುತ್ತದೆಂದು ಎಲ್ಲರಿಗೂ ತೋರಿಸಿದಿರಿ. ನೀವು ಹೋದ ಮೇಲೆ, ನಿಮ್ಮ ಮಾತು ನಂಬಿ, ಆ ಮಗುವಿಗೆ ನಾನೇ ಬೆತ್ತದಿಂದ ಎರಡು ಬಾರಿಸಿದೆ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ. ನಿಮ್ಮನ್ನಂತೂ ಸುಮ್ಮನೆ ಬಿಡುವವನಲ್ಲ.

ಅಂದಿನಿಂದ ಈರಕ್ಕ ದಿನಕ್ಕೆ ಮೂರು ಸಲ ಒಸಡಿನಲ್ಲಿ ರಕ್ತ ಬರುವ ಹಾಗೆ ತಿಕ್ಕಿದಳು. ಕಲೆ ಹೋಗಲಿಲ್ಲ, ಮುಂದಿನ ಹಲ್ಲಿನ ತುದಿ ಚಕ್ಕೆಯೆದ್ದು ಹೋಯಿತು. ಈಗ ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪದ್ಯ ಓದುತ್ತಿದ್ದವಳು ಅವಳು.

ಅವಳ ಅಪ್ಪ ಗೊಲ್ಲಪ್ಪ ಕುರಿ ಕಾಯುವವನು, ಹಲ್ಲು ನೋಡಿಯೇ ಕುರಿಯ ವಯಸ್ಸು ಹೇಳುವವನು. ನೀವು ಎರಡನೆಯ ಸಲ ಬಂದಾಗ ಒಂದು ಟಗರನ್ನು ಎಳೆದು ತಂದು ನಿಮ್ಮೆದುರು ಅದರ ತುಟಿ ಬಿಡಿಸಿದ. ಅದೇ ಕಂದು ಪಟ್ಟೆ!

'ನೋಡ್ರಿ ಸ್ವಾಮಿ, ಬೋರಿನ ತೊಟ್ಟಿ ನೀರು ಕುಡಿಯೋ ಕುರಿಗೆಲ್ಲ ಹಿಂಗೇ ಐತೆ. ಹಳ್ಳದ ನೀರು ಕುಡಿಯೋ ಮಂದೇಲಿ ಎಲ್ಲವೂ ನೆಟ್ಟಗವೆ. ಈ ಟಗರು ಯಾವ ಇಟ್ಟಿಗೆ ಪುಡಿ ಹಾಕ್ಕಂಡು ಉಜ್ಜತೈತೆ, ನೀವೇ ಹೇಳ್ರಿ' ಎಂದ.

ನೀವು ಏನೆಂದಿರಿ? 'ಮುಂದಿನ ಸಲ ಕುರಿಗೂ ಪೇಸ್ಟ್ ಕಳಿಸ್ತೀನಪ್ಪ' ಎಂದು ನಕ್ಕಿರಿ. ಜೀಪಿನ ಡ್ರೈವರೂ ನಕ್ಕ. ಗೊಲ್ಲಪ್ಪ ಟಗರನ್ನು ಬಿಟ್ಟು, ತಲೆ ತಗ್ಗಿಸಿ ಹೋದ.

ಆಹಾ, ಎಂಥ ಪಾಂಡಿತ್ಯ! ಅಕ್ಷರ ಬಾರದವನು ಎರಡು ಮಂದೆಗಳನ್ನು ಹೋಲಿಸಿ ನೋಡಿದ. ಪದವಿಗಳ ಬಾಲ ಕಟ್ಟಿಕೊಂಡ ನಿಮಗೆ ಅದು ಹೊಳೆಯಲಿಲ್ಲ. ಅವನ ಮಾತಿಗೆ ಕಿವಿಗೊಟ್ಟವರು ಕುರಿಗಳಿಗೆ ಮದ್ದು ಹಾಕಲು ಹಟ್ಟಿಗೆ ಬರುವ ದನದ ಡಾಕ್ಟರು. ಬೋರಿನ ನೀರನ್ನೂ ಹಳೆಯ ಬಾವಿಯ ನೀರನ್ನೂ ಸೀಸೆಗಳಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು. ವರದಿ ನನ್ನ ಮುಂದಿದೆ. ಬಾವಿಯ ನೀರಿಗೆ ದೋಷವಿಲ್ಲ. ಏಳು ವರ್ಷದ ಹಿಂದೆ ಕೊರೆದ ಬೋರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಅದು ಕೆಡಿಸುತ್ತದಂತೆ. ಅಳತೆಯಲ್ಲಿದ್ದರೆ ಅದೇ ವಸ್ತು ಹಲ್ಲಿಗೆ ಒಳ್ಳೆಯದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಬಿಂದಿಗೆಗಟ್ಟಲೆ ಕುಡಿಯುತ್ತಿರುವ ಮಕ್ಕಳ ಕೈಗೆ ಅದರದೇ ಟ್ಯೂಬು ಕೊಡುವ ಮುಂಚೆ, ಒಂದು ಸೀಸೆ ನೀರು ಪರೀಕ್ಷಿಸಲು ನಿಮಗೇನು ದಾಡಿಯಾಗಿತ್ತು?

ಬೋರಿನ ನೀರು ಕುಡಿಯಬಾರದೆಂದು ಬೋರ್ಡು ಹಾಕಿಸಿ. ಹೂಳು ತುಂಬಿ ಹತ್ತು ಮನೆಗೂ ಸಾಲದ ಬಾವಿಯನ್ನು ತೋಡಿಸಿ. ಆಮೇಲೆ ಹಟ್ಟಿಯವರೆಲ್ಲ ನೋಡುವಂತೆ ಈರಕ್ಕನ ಮುಂದೆ ನಿಂತು 'ತಪ್ಪು ನನ್ನದು' ಎನ್ನಿ. ಇಲ್ಲವಾದರೆ ಪ್ರತಿ ಸೋಮವಾರ ಹಟ್ಟಿಯ ಹೆಂಗಸರು ಬೋರಿನ ನೀರು ಹೊತ್ತು ನಿಮ್ಮ ಕಚೇರಿಗೆ ಬರುತ್ತಾರೆ. ನೀವು ಅದನ್ನು ಕುಡಿಯುವವರೆಗೂ ಅಲ್ಲಿಂದ ಏಳುವುದಿಲ್ಲ. ನಾನೂ ಲೋಟ ಹಿಡಿದು ಜೊತೆಗಿರುತ್ತೇನೆ.

ಈರಕ್ಕನ ತಮ್ಮನಿಗೆ ಈಗ ಐದು ತಿಂಗಳು. ಅವನ ಹಲ್ಲುಗಳೆಲ್ಲ ಇನ್ನೂ ಒಸಡಿನೊಳಗಿವೆ. ಬರುವ ತಿಂಗಳು ರಾಗಿ ಸರಿ ತಿನ್ನಿಸಲು ಶುರು ಮಾಡುತ್ತಾರೆ, ಅದನ್ನು ಬೋರಿನ ನೀರಿನಲ್ಲೇ ಕುದಿಸಬೇಕು. ನಿಮಗಿರುವ ಗಡುವು ಅಷ್ಟೇ.

ಇಂತಿ,
ಇನ್ನು ನಿಮಗೆ ವಿಧೇಯನಲ್ಲದ,
ವರ್ಗಾವಣೆಯ ಆದೇಶ ಬರುವವರೆಗೆ ಈ ಹಟ್ಟಿಯ ಮೇಷ್ಟ್ರು,
ಮುರುಗೇಶಪ್ಪ