ಎನ್‌ಕ್ವೈರಿ ಕಿಟಕಿಯ ಹೊರಗೆ

ಫೆಬ್ರವರಿ 3, ಮಂಗಳವಾರ

ಇವತ್ತೂ ಬೆನ್ನಿಗೆ ಚೀಲ ಏರಿಸಿ ಮೆಟ್ಟಿಲು ಹತ್ತಿ ಇಳಿದೆ. ಒಳಗೆ ಎರಡು ದಿಂಬು, ಇಸ್ತ್ರಿಪೆಟ್ಟಿಗೆ, ಮಗನ ಹಳೇ ಡಿಕ್ಷನರಿ. ಮೂರನೇ ಮಹಡಿಯವರು ಬಾಗಿಲು ತೆಗೆದು, "ಏನ್ರೀ, ಮನೆ ಖಾಲಿ ಮಾಡ್ತಿದ್ದೀರಾ?" ಎಂದರು. ಹೌದು, ಕಂತಿನಲ್ಲಿ ಎಂದೆ.

ಬೆಟ್ಟದಲ್ಲಿ ಹತ್ತು ದಿನದ ನಡಿಗೆ. ಈ ತಿಂಗಳ ಕೊನೆಗೇ. ಅರವತ್ತು ದಾಟಿದವರಿಗೆ ಮನೆಯವರ ಒಪ್ಪಿಗೆ ಬೇಕಂತೆ. ಮಗನನ್ನು ಅತ್ತೂ ಕರೆದೂ ಒಪ್ಪಿಸುವುದಕ್ಕೆ ಹೋದರೆ ಒಂದು ಶರತ್ತು ಹಾಕಿದ.

"ಮೊದಲು ಒಂದು ದಿನ ಲೈಟ್‌ಹೌಸ್ ನೋಡ್ಕೊಂಡು ಬಾಮ್ಮ. ಮಧ್ಯದಲ್ಲಿ 'ಬಂದು ಕರ್ಕೊಂಡ್ಹೋಗೋ' ಅಂತ ಫೋನ್ ಬಂತೋ, ಬೆಟ್ಟದ ಸುದ್ದಿ ಎತ್ತಬಾರದು."

ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನ ಎನ್‌ಕ್ವೈರಿ ಕಿಟಕಿಯಲ್ಲಿ ಕೂತು ಊರಿಗೆಲ್ಲ ದಾರಿ ಹೇಳಿದವಳು ನಾನು. ನನಗೆ ಪರೀಕ್ಷೆ! ಆಗಲಿ ಎಂದೆ.

"ಜೊತೆಗೆ ಅತ್ತೆ ಬರ್ತಾರೆ. ಹೇಗಾಯ್ತು ಅಂತ ಅವರೇ ಬಂದು ಹೇಳ್ತಾರೆ."

ಅತ್ತೆ ಅಂದರೆ ಅವನ ಅತ್ತೆ. ನನ್ನ ಬೀಗಿತ್ತಿ. ಮಗಳ ಮನೆಗೆ ಬಂದು ತಿಂಗಳಾಯಿತು. ರಿಟೈರ್ಡ್ ನರ್ಸ್. ಸುಳ್ಳು ಹೇಳುವವರಲ್ಲ — ಅದೇ ತೊಂದರೆ.

ಫೆಬ್ರವರಿ 7, ಶನಿವಾರ. ಬೆಳಿಗ್ಗೆ 7:10, ರೈಲಿನಲ್ಲಿ

ಕಿಟಕಿ ಪಕ್ಕದ ಸೀಟು. ಬೀಗಿತ್ತಿ ಎದುರಿಗೆ. ರೈಲು ಹೊರಡುವಷ್ಟರಲ್ಲಿ ಅಕ್ಕಪಕ್ಕದವರ ಬಿಪಿ, ಶುಗರ್, ನಿದ್ದೆ ಎಲ್ಲ ವಿಚಾರಿಸಿ ಮುಗಿಸಿದರು. ಟಿಕೆಟ್ ನೋಡಲು ಬಂದವನಿಗೂ "ಹೊಟ್ಟೆ ಸರಿ ಇದೆಯೇನಪ್ಪಾ?"

ಜಂಕ್ಷನ್ ಬಂದಾಗ ಈ ರೈಲು ಎರಡಾಗುತ್ತದೆ. ಅರ್ಧ ಬೋಗಿಗಳು ಸಮುದ್ರದ ಕಡೆ, ಅರ್ಧ ಸಿಮೆಂಟ್ ಫ್ಯಾಕ್ಟರಿ ಕಡೆ.

"ನಾವು ಸರಿಯಾದ ಬೋಗಿಲೇ ಇದ್ದೀವಾ? ಯಾರನ್ನಾದ್ರೂ ಕೇಳ್ಲಾ?"

"ಬೇಡ್ರೀ. ಹಿಂದಿನ ಬೋಗಿಗಳೇ ಸಮುದ್ರಕ್ಕೆ. ಇದನ್ನ ಮೈಕಲ್ಲಿ ಎಷ್ಟು ಸಲ ಕೂಗಿದೀನಿ ಗೊತ್ತಾ?"

ಕೇಳುವುದಂತೆ! ನಾನು!

9:40, ಸಿಮೆಂಟ್ ಫ್ಯಾಕ್ಟರಿ

ಬದಲಾಯಿಸಿದ್ದಾರಂತೆ. ನಾನು ರಿಟೈರ್ ಆದಮೇಲೆ. ಈಗ ಮುಂದಿನವು ಸಮುದ್ರಕ್ಕೆ, ಹಿಂದಿನವು ಇಲ್ಲಿಗೆ. ನನಗೊಂದು ಮಾತು ಹೇಳಬಾರದಿತ್ತೇ?

ಎಲ್ಲ ಬೂದಿ ಬಣ್ಣ. ಮರ, ನಾಯಿ, ಚಹಾ ಅಂಗಡಿಯವನ ಹುಬ್ಬು. ಮತ್ತೆ ರೈಲು ಸಂಜೆಗಂತೆ. ಕಾಲಾಡಿಸೋಣ ಎಂದು ಫ್ಯಾಕ್ಟರಿ ಹಿಂದಕ್ಕೆ ಹೋದರೆ — ಅಬ್ಬಾ. ಕಲ್ಲು ತೆಗೆದ ದೊಡ್ಡ ಗುಂಡಿಯಲ್ಲಿ ನೀರು ನಿಂತಿದೆ, ಶಾಯಿ ಸುರಿದ ಹಾಗೆ ನೀಲಿ. ನಡುವೆ ಒಂದೇ ಒಂದು ಬಿಳಿ ಹಕ್ಕಿ. ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತೆವು.

"ಇದನ್ನ ತೋರಿಸೋಕೇ ಕರ್ಕೊಂಡು ಬಂದೆ" ಎಂದೆ.

ಬೀಗಿತ್ತಿ ನನ್ನನ್ನೇ ನೋಡಿದರು. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ." ನಗಲಿಲ್ಲ. ಮಗನ ಕಿವಿಗೆ ಇದೂ ಬೀಳುತ್ತದೆ ಅಂದುಕೊಂಡೆ.

12:15, ಸೋಫಾ ಮೇಲೆ

ನಿಜ. ಸೋಫಾ ಮೇಲೆಯೇ. ಬೀಗಿತ್ತಿ ಚಹಾ ಅಂಗಡಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿ, ಸಮುದ್ರದ ಕಡೆ ಹೊರಟ ಫರ್ನಿಚರ್ ಟೆಂಪೋ ಹಿಡಿದರು. ಡ್ರೈವರ್ ಪಕ್ಕದ ಸೀಟಿನಲ್ಲಿ ದೊಡ್ಡ ಕನ್ನಡಿ, ಅದಕ್ಕೆ ಬೆಲ್ಟ್ ಬೇರೆ. "ಅದು ಒಡೆದ್ರೆ ನನ್ನ ಕಥೆ ಮುಗೀತು, ನೀವು ಹಿಂದೆ ಕೂತ್ಕೊಳ್ಳಿ" ಎಂದ.

ಹಿಂದೆ ಹಗ್ಗ ಬಿಗಿದ ಹೊಸ ಸೋಫಾ. ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಮಕ್ಕಳ ರಿಸೆಪ್ಶನ್ನಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆವಲ್ಲ, ಹಾಗೇ ಪಕ್ಕಪಕ್ಕ ಕೂತಿದ್ದೇವೆ. ಮುಖ ಹಿಂದಕ್ಕೆ. ಸೇತುವೆ, ಸೂರ್ಯಕಾಂತಿ ಹೊಲ, ಒಂಟಿಕಾಲಲ್ಲಿ ನಿಂತ ಕೊಕ್ಕರೆ... ಎಲ್ಲ ದಾಟಿದ ಮೇಲೇ ಕಾಣುತ್ತದೆ. ಹಿಂದೆ ಬಂದ ಬೈಕಿನವನು ನಮ್ಮನ್ನು ನೋಡಿ ಕೈ ಬೀಸಿದ. ಬೀಗಿತ್ತಿ ಎದ್ದೇ ನಿಂತು ಕೈ ಬೀಸಿದರು! ಸೆರಗು ಹಿಡಿದು ಕೂರಿಸಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಈ ನಗು ನಾನು ನೋಡಿಯೇ ಇರಲಿಲ್ಲ.

ಅಕ್ಷರ ಕುಣಿಯುತ್ತಿದೆ. ಕೆಳಗೇನೋ ಟಪ್ ಅಂತು —

3:30, ಐಸ್ ವ್ಯಾನಿನಲ್ಲಿ

ಆಕ್ಸಲ್ ಮುರಿದಿತ್ತು. ಡ್ರೈವರ್ ಫೋನಿನಲ್ಲಿ ಯಾರನ್ನೋ ಬೈದು, "ಇವತ್ತಾಗಲ್ಲಮ್ಮಾ" ಎಂದು ಅದೇ ಸೋಫಾ ಮೇಲೆ ಮಲಗಿಬಿಟ್ಟ. ಸಮುದ್ರದ ವಾಸನೆ ಬರುತ್ತಿತ್ತು, ಸಮುದ್ರ ಕಾಣುತ್ತಿರಲಿಲ್ಲ. ಬಸ್ಸಿಲ್ಲ, ನೆರಳಿಲ್ಲ. ಮೊಣಕಾಲು ಊದಿಕೊಂಡಿತ್ತು. ಐದಕ್ಕೆ ಲೈಟ್‌ಹೌಸ್ ಬಾಗಿಲು ಹಾಕುತ್ತಾರೆ.

ಬರೆಯಲು ನಾಚಿಕೆ. ಅಳು ಬಂತು. ಎಲ್ಲ ನನ್ನ ಜಂಭದಿಂದಲೇ ಆದದ್ದು. ಫೋನ್ ತೆಗೆದು ಮಗನ ನಂಬರ್ ಹುಡುಕುತ್ತಿದ್ದೆ. ಬೀಗಿತ್ತಿ ಫಟ್ಟನೆ ಕಸಿದು ತಮ್ಮ ಪರ್ಸಿಗೆ ಹಾಕಿಕೊಂಡರು.

"ಕೊಡ್ರೀ! ನಂಗೆ ಬೆಟ್ಟಾನೂ ಬೇಡ, ಗಿಟ್ಟಾನೂ ಬೇಡ."

"ನಿಮಗೆ ಬೇಡದೇ ಇರಬಹುದು. ಸರ್ವಿಸ್ ಪೂರ್ತಿ ನೈಟ್ ಡ್ಯೂಟಿ ಮಾಡ್ದೆ. ರಜಾ ಸಿಕ್ಕಾಗೆಲ್ಲ ಮಲಗೇ ಕಳೆದೆ. ಸಮುದ್ರ ಇನ್ನೂ ನೋಡಿಲ್ಲ ನಾನು. ಇಲ್ಲೀತನಕ ಬಂದು ವಾಪಸ್ ಹೋಗ್ಲಾ?"

ನನಗೆ ಗೊತ್ತೇ ಇರಲಿಲ್ಲ. ಬೀಗತನವಾಗಿ ನಾಲ್ಕು ವರ್ಷ. ಕೇಳಿದ್ದರಲ್ಲವೇ ಗೊತ್ತಾಗುವುದು?

"ಅಗೋ, ವ್ಯಾನ್ ಬರ್ತಿದೆ. ಏಳಿ, ಈ ಸಲ ನೀವು ಕೇಳಿ."

"ನೀವೇ ಕೇಳಿ. ನಿಮಗೆ ಅಭ್ಯಾಸ."

"ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರಂತೆ. ನಿಮಗೂ ಬಾಯಿದೆ, ಬೆಳಿಗ್ಗೆಯಿಂದ ನೋಡ್ತಿದ್ದೀನಲ್ಲ!"

ಕೈ ಅಡ್ಡ ಹಿಡಿದೆ. "ಅಪ್ಪಾ... ಲೈಟ್‌ಹೌಸ್‌ಗೆ ಹೇಗೆ ಹೋಗೋದು?" ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. "ನಾನೂ ಅಲ್ಲಿಗೇ, ಹತ್ತಿ ಅಜ್ಜಿ" ಎಂದ. ಊದಿದ ಮೊಣಕಾಲಿಗೆ ಒಂದು ತುಂಡು ಐಸ್ ಕೂಡ ಕೊಟ್ಟ.

ಸಂಜೆ 6:20, ರೈಲಿನಲ್ಲಿ

ಲೈಟ್‌ಹೌಸ್ ಹತ್ತಿದೆವು! ಒಳಗೆ ಸುತ್ತು ಮೆಟ್ಟಿಲು, ತಲೆ ತಿರುಗುವಷ್ಟು. ನನ್ನ ಚೀಲ ಬೀಗಿತ್ತಿ ಹೊತ್ತರು, ಅವರ ಚಪ್ಪಲಿ ನಾನು ಹಿಡಿದೆ. ಮೇಲೆ ಹೋದರೆ ಗಾಳಿಗೆ ಸೀರೆಯೆಲ್ಲ ಪಟಪಟ. ನದಿ ಬಂದು ಸಮುದ್ರಕ್ಕೆ ಸೇರುವ ಜಾಗ ಕಾಲಡಿಯಲ್ಲೇ. ಕೆಂಪು ನೀರು, ಹಸಿರು ನೀರು, ನಡುವೆ ಬೈತಲೆ ತೆಗೆದ ಹಾಗೆ ಗೆರೆ. ದೋಣಿಯೊಂದು ಗೆರೆ ದಾಟಿತು.

ಬೀಗಿತ್ತಿ ಕಂಬಿ ಹಿಡಿದು ನಿಂತರು. ಬೆಳಗಿನಿಂದ ಮೊದಲ ಸಲ ಯಾರನ್ನೂ ಏನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು. ಬಾಗಿಲು ಹಾಕಲು ಬಂದ ಕಾವಲುಗಾರನ ಮೇಲೆ ಕಣ್ಣು ಬಿತ್ತು ನೋಡಿ — "ಇಷ್ಟು ಮೆಟ್ಟಿಲು ದಿನಾ ಹತ್ತಿದ್ರೆ ಬಿಪಿ ಎಷ್ಟಿರುತ್ತಪ್ಪಾ ನಿಂಗೆ?"

ಈಗ ಎದುರಿಗೆ ಗೊರಕೆ ಹೊಡೆಯುತ್ತಿದ್ದಾರೆ. ನಿದ್ದೆಗೆ ಮೊದಲು ಕೇಳಿದ್ದೆ: "ಮನೇಲಿ ಏನು ಹೇಳ್ತೀರಿ?"

"ನಡೆದದ್ದನ್ನೇ."

ಹೋಯಿತು. ಬೆಟ್ಟ ಹೋಯಿತು.

ಫೆಬ್ರವರಿ 8, ಭಾನುವಾರ

ಬೆಳಗಿನ ತಿಂಡಿಗೆ ಎಲ್ಲರೂ ಕೂತಾಗ ಬೀಗಿತ್ತಿ ಶುರು ಮಾಡಿದರು. ಬೋಗಿ, ಸಿಮೆಂಟು, ಸೋಫಾ, ಆಕ್ಸಲ್, ನಾನು ಅತ್ತದ್ದು, ಫೋನ್ ತೆಗೆದದ್ದು. ಒಂದೂ ಬಿಡಲಿಲ್ಲ! ಮಗನ ಮುಖ ಅರಳುತ್ತಾ ಹೋಯಿತು.

"ಅಂದ್ರೆ ಅತ್ತೆ, ಅಮ್ಮನ್ನ ಕಳಿಸೋ ಹಾಗಿಲ್ಲ ಅಂತೀರಿ?"

"ಒಬ್ಬರನ್ನೇ? ಖಂಡಿತಾ ಕಳಿಸೋ ಹಾಗಿಲ್ಲ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದಕ್ಕೇ ನಾನೂ ಹೋಗ್ತೀನಿ. ನಂಗೂ ಒಂದು ಬ್ಯಾಗ್ ನೋಡಿ, ಅಳಿಯಂದಿರೇ."

ಸೊಸೆಗೆ ಚಹಾ ನೆತ್ತಿಗೇರಿತು. ಅವಳ ತಲೆ ತಟ್ಟಲು ನಾವಿಬ್ಬರೂ ಒಟ್ಟಿಗೇ ಎದ್ದೆವು.

ಫೆಬ್ರವರಿ 21, ಶನಿವಾರ. ಬೆಳಿಗ್ಗೆ 5:30, ಸ್ಟೇಷನ್

ಎರಡು ವಾರ ಬರೆಯಲು ಪುರುಸೊತ್ತಿಲ್ಲ. ಮೆಟ್ಟಿಲ ಮೇಲೆ ಈಗ ಎರಡು ಚೀಲ. ಮೂರನೇ ಮಹಡಿಯವರು ಕೇಳುವುದನ್ನೇ ಬಿಟ್ಟಿದ್ದಾರೆ.

ಬೆಟ್ಟದ ರೈಲೂ ಜಂಕ್ಷನ್ನಿನಲ್ಲಿ ಎರಡಾಗುತ್ತದೆ. ಯಾವ ಬೋಗಿ ಎಂದು ನನಗೆ ಗೊತ್ತು. ಗೊತ್ತಿದ್ದೂ ಎನ್‌ಕ್ವೈರಿ ಸಾಲಿನಲ್ಲಿ ನಿಂತಿದ್ದೇನೆ. ನನ್ನ ಕುರ್ಚಿಯಲ್ಲಿ ಹೊಸ ಹುಡುಗಿ. ಮುಂದೆ ನಿಂತವರೆಲ್ಲ ಸೊಂಟ ಬಗ್ಗಿಸಿ ಕೇಳುತ್ತಿದ್ದಾರೆ. ಗಾಜಿನ ತೂತು ಅಷ್ಟು ಕೆಳಗಿದೆ. ಒಳಗೆ ಕೂತವಳಿಗೆ ಇದು ಗೊತ್ತೇ ಆಗಿರಲಿಲ್ಲ. ಮೂವತ್ತು ವರ್ಷ ಎಲ್ಲರೂ ನನ್ನ ಮುಂದೆ ಬಗ್ಗಿಯೇ ಕೇಳಿದ್ದರು ಪಾಪ...

ಬೀಗಿತ್ತಿ ಹಿಂದಿನಿಂದ ತಿವಿಯುತ್ತಿದ್ದಾರೆ. "ಬರೆದದ್ದು ಸಾಕು, ಬಗ್ಗಿ, ನಿಮ್ಮ ಸರದಿ —"